ಏಟಿಲ್ಲದ ಮಡಿಲು

ಬಂಧುಗಳೇ, ನಮ್ಮ ಪ್ರಾರ್ಥನಾ ಸಭೆಗೆ ತಪ್ಪದೆ ಬರುವ ದರ್ಜಿ ಅಕ್ಕನನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಿಂದಿನ ಸಾಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಆಕೆಯ ಸಂಕಟವನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಗಂಡ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಅವಳು, ಅವಳ ತಾಯಿ ಮತ್ತು ಏಳು ವರ್ಷದ ಮಗಳು. ಬಟ್ಟೆಯ ಮೇಲೆ ಗೆರೆ ಎಳೆಯುವ ಮರದ ಅಡಿಪಟ್ಟಿಯೇ ಆ ಮನೆಯ ಶಿಸ್ತು. ತಾಯಿಯ ಏಟು ತಿಂದು ಬೆಳೆದವಳು ಮಗಳಿಗೂ ಅದನ್ನೇ ದಾಟಿಸಿದ್ದಳು. ಹಾಗೆಂದು ಕಲ್ಲೆದೆಯವಳಲ್ಲ. ಹೊಡೆದ ಸ್ವಲ್ಪ ಹೊತ್ತಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಮೆಷಿನ್ ನಿಲ್ಲಿಸಿ, ಮಗುವನ್ನು ಮಡಿಲಿಗೆಳೆದುಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾ ತಾನೂ ಅಳುತ್ತಿದ್ದಳು. ಉಳಿದ ವೇಳೆಯೆಲ್ಲ ಅವಳ ಎರಡು ಕೈಗಳೂ ಬಟ್ಟೆಗೇ ಮೀಸಲು.

ಒಂದು ಮಧ್ಯಾಹ್ನ ಮಗಳ ಹೊಸ ಲಂಗದ ಅಂಚು ಮಡಚಲು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳ ಹಿಂದೆ ಮೊಣಕಾಲೂರಿದಳು. ಅಡಿಪಟ್ಟಿಯಷ್ಟೇ ಅಗಲದ ಎರಡು ನೀಲಿ ಬರೆಗಳು ಮಗುವಿನ ಮೀನಖಂಡದ ಮೇಲೆ, ಇವಳ ಕಣ್ಣಿನ ನೇರಕ್ಕೇ ಇದ್ದವು. ಅಂದೇ ಅಡಿಪಟ್ಟಿಯನ್ನು ಕಪಾಟಿನ ಮೇಲಕ್ಕೆ ಎಸೆದು, ಇನ್ನು ಕೈಮಾಡೆನೆಂದು ದೇವರ ಮುಂದೆ ಆಣೆಯಿಟ್ಟಳು. ಶಾಲೆಯ ಟೀಚರ್ ಪೋಷಕರಿಗೆ ತಿಳಿಸಿದ್ದಂತೆ, ಮಗು ತಪ್ಪು ಮಾಡಿದಾಗ ಎದುರಿಗೆ ಕೂರಿಸಿಕೊಂಡು, ದನಿಯೇರಿಸದೆ ಬಿಡಿಸಿ ಹೇಳತೊಡಗಿದಳು.

ಅಜ್ಜಿಗೆ ಇದೊಂದು ತಮಾಷೆ. “ಮೇಡಮ್ಮು ಮಗಳ ಜೊತೆ ಮೀಟಿಂಗಲ್ಲಿದಾರೆ, ಆಮೇಲೆ ಬನ್ನಿ” ಎಂದು ಗಿರಾಕಿಗಳಿಗೆ ಸಾರುತ್ತಿದ್ದಳು.

“ಸುಮ್ನಿರಮ್ಮ.”

“ನಾನೇನು ನಿನ್ನ ಹೊಡ್ದು ಸಾಯಿಸಿಬಿಟ್ನಾ? ಗುಂಡುಕಲ್ಲಿನ ಹಾಗಿದೀಯಲ್ಲ.”

ಆದರೆ ದರ್ಜಿ ಅಕ್ಕ ತನ್ನ ಕೈಗಳಿಗೇ ಹೆದರಿದ್ದಳು. ಹಳೆಯ ಸಿಟ್ಟು ಎಲ್ಲಿ ನುಗ್ಗೀತೋ ಎಂದು, ಬುದ್ಧಿ ಹೇಳುವಾಗ ಅವನ್ನು ಮಂಡಿಗಳ ನಡುವೆ ಬಿಗಿಹಿಡಿದಿರುತ್ತಿದ್ದಳು. ಹೇಳಿ ಮುಗಿದೊಡನೆ, ಸದ್ಯ ಹೊಡೆಯಲಿಲ್ಲವಲ್ಲ ಎಂದು ದೇವರಿಗೆ ಕೃತಜ್ಞತೆ ಸಲ್ಲಿಸಿ ಮೆಷಿನ್ನಿಗೆ ಮರಳುತ್ತಿದ್ದಳು. ಏಟು ನಿಂತಿತು. ಅದರೊಂದಿಗೆ ಮಡಿಲೂ ನಿಂತುಹೋದದ್ದು ಅವಳ ಗಮನಕ್ಕೆ ಬರಲಿಲ್ಲ.

ಮಗಳ ತಂಟೆ ಹೆಚ್ಚುತ್ತಾ ಹೋಯಿತು. ಗುಂಡಿಯ ಡಬ್ಬ ಬೀದಿಗೆ ಸುರಿದಳು, ದಾರದ ಉಂಡೆಗಳನ್ನು ನೀರಿಗೆ ಹಾಕಿದಳು. ಕೊನೆಗೊಂದು ಸಂಜೆ ಯಾರದೋ ಹೊಲಿದು ಮುಗಿದ ಅಂಗಿಯ ತೋಳನ್ನೇ ಕತ್ತರಿಸಿದಳು.

“ಯಾಕೆ ಹೀಗ್ಮಾಡ್ದೆ, ಪುಟ್ಟಿ?”

ಮಗು ಸೀದಾ ಕಪಾಟಿನ ಬಳಿಗೆ ಹೋದಳು. ಸ್ಟೂಲು ಹತ್ತಿ, ಅಡಿಪಟ್ಟಿಯನ್ನು ತಡಕಾಡಿ ಇಳಿಸಿ, ತಂದು ತಾಯಿಯ ಮುಂದೆ ಹಿಡಿದಳು.

“ಹೊಡಿ.”

“ಹೊಡೆಯಲ್ಲ ಅಂದಿದೀನಲ್ಲ.”

“ಒಂದೇ ಒಂದು. ಜೋರಾಗೇ ಹೊಡಿ, ನಾನು ಓಡಲ್ಲ.”

“ಯಾಕೆ ಕಂದ?”

“ಹೊಡೆದ್ರೆ ತಾನೇ ನೀನು ಆಮೇಲೆ ಎತ್ಕೊಳ್ಳೋದು?”

ಪರದೆಯಾಚೆ ಕಾಳು ಆರಿಸುತ್ತಿದ್ದ ಅಜ್ಜಿಯ ಮೊರದ ಸದ್ದು ನಿಂತಿತು.

ಕರುಣಾಳುವಾದ ಭಗವಂತ ತನ್ನ ಪ್ರೀತಿಗೆ ಯಾರಿಂದಲೂ ನೋವನ್ನು ಮುಂಗಡವಾಗಿ ಕೇಳಿದವನಲ್ಲ. ಕೇಳಿದ್ದು ನಾವು, ಮಕ್ಕಳು ಅದನ್ನು ಕೊಡಲು ಕಲಿತರು.

ದರ್ಜಿ ಅಕ್ಕ ಮಗಳನ್ನು ಬಾಚಿ ಮಡಿಲಲ್ಲಿ ಕೂರಿಸಿಕೊಂಡಳು. ಮಗು ಕಣ್ಣು ಬಿಗಿಯಾಗಿ ಮುಚ್ಚಿ, ಕಾಲು ನೀಡಿ, ಮರದ ಬೊಂಬೆಯಂತೆ ಸೆಟೆದು ಕಾದಳು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆದಳು.

“ಇನ್ನೂ ಹೊಡೆದೇ ಇಲ್ಲ.”

“ಹೊಡೆಯಲ್ಲಮ್ಮ.”

“ಹಾಗಾದ್ರೆ ಈಗ ಇಳೀಬೇಕಾ?”

ಬೇಡವೆನ್ನಲು ತಾಯಿ ಬಾಯಿ ತೆರೆದಳು. ಅಷ್ಟರಲ್ಲೇ ಮಗು ಮೆಲ್ಲನೆ ಕೆಳಗಿಳಿಯಿತು. ತಾಯಿ ಮತ್ತೆ ಎತ್ತಿಕೊಂಡಳು, ಮಗು ತುಸು ಹೊತ್ತು ಕುಳಿತಿದ್ದು ಮತ್ತೆ ಇಳಿಯಿತು, ಹೆಚ್ಚು ಹೊತ್ತು ಕೂತರೆ ಚೆನ್ನಾಗಿರದೆಂದು ಬಲ್ಲ ನೆಂಟರ ಮನೆಗೆ ಬಂದ ಮಗುವಿನಂತೆ.