ಕೊಣ್ಣೂರಿನ ಇಳಿಜಾರಿನಲ್ಲಿ ನಿಂತ ಕಾರು

ದೆವ್ವ, ಶಕುನ, ಮುನ್ಸೂಚನೆ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು ನಾನು. ಯಾರಾದರೂ ಅಂಥ ಕಥೆ ಶುರುಮಾಡಿದರೆ ನಡುವೆಯೇ ಎರಡು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಓದುಗರು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಹತ್ತಿ ಚಲೋ ಬಂದ ವರ್ಷ ಅಸೂಟಿಯ ನನ್ನ ಸೋದರಮಾವ ಒಂದು ಹಳೆಯ ಕಾರು ಕೊಂಡಿದ್ದರು. ಅಲ್ಲಿಯವರೆಗೆ ಅವರ ಕೈ ಹಿಡಿದದ್ದು ಎತ್ತಿನ ಹಗ್ಗ ಮಾತ್ರ. ಹೀಗಾಗಿ ಗಾಬರಿಯಾದರೆ ಅವರ ಕಾಲು ಸುಮ್ಮನೆ ಇರುತ್ತಿತ್ತು. ಕೈಗಳು ಸ್ಟೇರಿಂಗನ್ನು ಎದೆಯತ್ತ ಜಗ್ಗುತ್ತಿದ್ದವು, ಬಾಯಿ ಎತ್ತು ನಿಲ್ಲಿಸುವವರ ಹಾಗೆ ‘ಹೋ, ಹೋ’ ಎನ್ನುತ್ತಿತ್ತು. ಮೊದಲ ವಾರದಲ್ಲೇ ಕಣಕಿಯ ಬಣವೆಯೊಳಗೆ ಹೊಕ್ಕರು. ಬಾನೆಟ್ಟಿನ ತುಂಬ ಜೋಳದ ದಂಟು ಬಿದ್ದಿತ್ತು. ಮಾವ ಒಳಗೆ ಕೂತೇ, “ನಿಂದರಂದ್ರ ನಿಂದರವಲ್ದು ನೋಡೋ. ಇದಕ್ಕ ಕಿವೀನ ಇಲ್ಲ” ಎಂದರು. ಕಟ್ಟೆಯ ಮೇಲೆ ನಿಂತಿದ್ದ ಅತ್ತೆ, “ಮೇವು ಕಂಡು ಹೋಗೇದ, ಬಿಡ್ರಿ” ಎಂದಳು.

ಬೇಸಿಗೆಯ ಸೂಟಿಯಲ್ಲಿ ನಾನೂ ಅದೇ ಕಾರಿನಲ್ಲಿ, ಬೆಳೆ ತೆಗೆದ ಹೊಲದಲ್ಲಿ ಕಲಿತೆ. ನಾನೂ ಸಣ್ಣಂದಿನಿಂದ ಬಂಡಿ ಹೊಡೆದವನೇ. ಬದು ಎದುರಿಗೆ ಬಂದ ಕೂಡಲೆ ನನ್ನ ಕೈಯೂ ಹಗ್ಗ ಜಗ್ಗಿತು, ಬಾಯಿಯೂ ‘ಹೋ’ ಎಂದಿತು.

“ಕಾಲೇಜು ಕಲ್ತು ಬಂದು ನೀನೂ ಎತ್ತ ಹೊಡೀತೀಯಲ್ಲೋ ಅಳಿಯಾ” ಎಂದು ಮಾವ ನಕ್ಕರು. “ಕಾಲಿಲೆ ನಿಲ್ಲಸು, ಕೈಲೆ ಅಲ್ಲ.”

ಆ ಕಾರಹುಣ್ಣಿಮೆಗೆ ಎತ್ತುಗಳ ಸಾಲಿನಲ್ಲೇ ಕಾರನ್ನೂ ನಿಲ್ಲಿಸಿ, ತೊಳೆದು, ಮುಂದೆ ಗೊಂಡೆ ಕಟ್ಟಿ, ಹೋಳಿಗೆಯ ನೈವೇದ್ಯ ತೋರಿಸಿದರು. ನನಗೆ ನಗು ತಡೆಯಲಾಗಲಿಲ್ಲ.

ನಾಗರಪಂಚಮಿಗೆಂದು ಮತ್ತೆ ಅಸೂಟಿಗೆ ಹೋಗಿದ್ದಾಗ ಅತ್ತೆಯ ತವರಿನಿಂದ ಸುದ್ದಿ ಬಂತು. ಅವಳ ತಂದೆ ಇಂದೋ ನಾಳೆಯೋ ಎನ್ನುವಂತಿದ್ದಾರೆ. ತವರೂರು ಮಲಪ್ರಭೆಯ ಆಚೆ, ಕೊಣ್ಣೂರಿನ ಸೇತುವೆ ದಾಟಿ ಹೋಗಬೇಕು. ಮಾವ ಚಳಿಜ್ವರದಿಂದ ಕೌದಿ ಹೊದ್ದು ನಡುಗುತ್ತಿದ್ದರು.

“ಅಪ್ಪನ ಬಾಯಾಗ ಒಂದ ಹನಿ ನೀರ ಬಿಡಬೇಕಂತಾಳ, ಲಗೂ ಕರಕೊಂಡ ಹೋಗು” ಎಂದರು. ಕಾರು ಹೊರಡುವಾಗ ಒಳಗಿನಿಂದ ಮತ್ತೆ ಕೂಗಿದರು: “ಕಾಲಿಲೆ ನಿಲ್ಲಸು.”

ನಮ್ಮ ಕಡೆ ದೊಡ್ಡ ಮಳೆ ಇರಲಿಲ್ಲ. ಹೊಳೆ ಹುಟ್ಟುವ ಪಡುವಣ ಸೀಮೆಯಲ್ಲಿ ಜೋರಾಗಿ ಹೊಡೆದದ್ದು ನಮಗೆ ಗೊತ್ತಿರಲಿಲ್ಲ. ನರಗುಂದ ದಾಟಿ, ಕೊಣ್ಣೂರು ಇನ್ನೇನು ಬಂತು ಎನ್ನುವಾಗ ಇಂಜಿನ್ ಕಾದು ಹೊಗೆಯಾಡಿತು. ಇಳಿದು, ರಸ್ತೆಯ ಪಕ್ಕದ ತಗ್ಗಿನಿಂದ ನೀರು ತಂದು ಹೊಯ್ದೆ. ಎರಡೂ ಬೂಟಿಗೆ ಎರೆಮಣ್ಣು ಹಿಟ್ಟಿನಂತೆ ಮೆತ್ತಿಕೊಂಡಿತು. ಕಲ್ಲಿಗೆ ತಿಕ್ಕಲು ಹೋದೆ.

“ಬೂಟು ಆಮ್ಯಾಲೆ ಒರಸ್ಕೋ ತಮ್ಮಾ. ಅಪ್ಪ ದಾರಿ ಕಾಯಾಕತ್ತಾನ” ಎಂದಳು ಅತ್ತೆ. ಹಾಗೆಯೇ ಹತ್ತಿ ಕೂತೆ.

ಹೊತ್ತು ಮುಳುಗಿತ್ತು. ರಸ್ತೆ ಹೊಳೆಯತ್ತ ಇಳಿಯುತ್ತಿತ್ತು. ಇಂಜಿನ್ನಿನ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮುಂದೆ ಹೊಳೆಯುತ್ತಿದ್ದುದನ್ನು ತೊಯ್ದ ರಸ್ತೆಯೆಂದು ತಿಳಿದೆ. ಅದು ಚಲಿಸುತ್ತಿದೆ ಎಂದು ಕಂಡಾಗ ತೀರ ಹತ್ತಿರವಿದ್ದೆವು. ಸೇತುವೆಗೆ ಸೇರುವ ರಸ್ತೆ ಅಲ್ಲಿರಲಿಲ್ಲ. ಕೆಂಪು ನೀರು ಅದನ್ನು ಕಡಿದುಕೊಂಡು ಹೋಗಿತ್ತು.

ನನಗೆ ಬ್ರೇಕಿನ ನೆನಪೇ ಆಗಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗನ್ನು ಎದೆಗೆ ಜಗ್ಗಿ, ‘ಹೋ, ಹೋ’ ಎಂದೆ.

ಕಾರು ನಿಂತಿತು.

ಬ್ರೇಕ್ ಹಾಕಿದರೆ ಕಾರಿನ ಮುಂಭಾಗ ತಗ್ಗಬೇಕು. ಇದರ ಮುಂಭಾಗ ಮೇಲೆದ್ದಿತು. ನೀರು ಕಂಡ ಎತ್ತು ಮುಂಗಾಲು ಊರಿ, ಕತ್ತು ಎತ್ತಿ ಹಿಂದಕ್ಕೆ ಒತ್ತುವಂತೆ ಒತ್ತಿ ನಿಂತಿತು. ಇಂಜಿನ್ ಓಡುತ್ತಲೇ ಇತ್ತು.

“ಯಾಕ ನಿಲ್ಲಿಸಿದಿ?” ಎಂದಳು ಅತ್ತೆ ಹಿಂದಿನಿಂದ. ಅವಳಿಗೆ ನೀರು ಕಂಡಿರಲಿಲ್ಲ.

“ನಾ ನಿಲ್ಲಿಸಿಲ್ಲ ಅತ್ತಿ” ಎಂದೆ. ಬಾಯಿಂದ ಬಂದ ಮಾತು ಅದು, ಯೋಚಿಸಿ ಆಡಿದ್ದಲ್ಲ.

ಹಿಂದಿನಿಂದ ಒಬ್ಬ ರೈತ ಕಂದೀಲು ಹಿಡಿದು ಓಡುತ್ತ ಬಂದ. “ರಸ್ತಾ ಹರಕೊಂಡ ಹೋಗೇದ್ರಿ. ಅವಾಗಿಂದ ಒದರಾಕತ್ತೀನಿ, ಕೇಳಲಿಲ್ಲೇನ್ರಿ?” ಎಂದ. ಮುಂದಿನ ಗಾಲಿಗೂ ರಸ್ತೆ ಕಡಿದುಹೋದ ಅಂಚಿಗೂ ನಡುವೆ ಒಂದು ಗೇಣು ನೆಲವಿತ್ತು. ಅವನು ಅತ್ತೆಯನ್ನು ಇಳಿಸಿ, ಗಾಲಿಗಳ ಮುಂದೆ ದೊಡ್ಡ ಕಲ್ಲು ಒತ್ತಿಟ್ಟ. ಆಗ ಕಾರು ಮೆಲ್ಲಗೆ ಮುಂದಕ್ಕೆ ಜರುಗಿ ಕಲ್ಲಿಗೆ ಆತುಕೊಂಡಿತು. ಅಲ್ಲಿಯವರೆಗೆ ಆ ಇಳಿಜಾರಿನಲ್ಲಿ ಅದನ್ನು ಹಿಡಿದದ್ದು ಏನು?

ಇಂಜಿನ್ ಆರಿಸಿ ಇಳಿದು, ಅವನ ಕಂದೀಲು ಇಸಿದುಕೊಂಡು ಒಳಗೆ ನೋಡಿದೆ. ಕ್ಲಚ್ಚಿನ ಪೆಡಲಿನ ಮೇಲೆ ಎರೆಮಣ್ಣು, ಆಕ್ಸಿಲರೇಟರಿನ ಮೇಲೆ ಎರೆಮಣ್ಣು. ನಡುವಿನ ಬ್ರೇಕಿನ ಪೆಡಲು ಒರಸಿಟ್ಟಷ್ಟು ಸ್ವಚ್ಛವಾಗಿತ್ತು.

ಕೊಣ್ಣೂರಿನಲ್ಲಿ ಆ ರೈತನ ಮನೆಯಲ್ಲೇ ಉಳಿದೆವು. ಅತ್ತೆ ಮಲಗಲಿಲ್ಲ. ದಂಡೆಗೆ ಹೋಗಿ ಆಚೆಯ ಕತ್ತಲೆಯನ್ನು ನೋಡುತ್ತ ಕೂತಳು. ಹೊಳೆ ಇಳಿದ ಮೇಲೆ ಸುದ್ದಿ ಬಂತು, ಅವಳ ತಂದೆ ಅದೇ ರಾತ್ರಿ ತೀರಿಕೊಂಡಿದ್ದರು. ಎಷ್ಟೋ ವರ್ಷಗಳ ನಂತರ ಒಮ್ಮೆ ಮಾತ್ರ ಅವಳು ಆ ವಿಷಯ ಎತ್ತಿದಳು: “ಆ ಗಾಡಿ ನನ್ನ ಉಳಿಸ್ತೋ, ಅಪ್ಪನ ಮಾರಿ ಕಡೀಗೊಮ್ಮೆ ನೋಡೋದು ತಪ್ಪಿಸ್ತೋ, ಯಾರಿಗೆ ಗೊತ್ತು.”

ಮರುದಿನ ಹೊಳೆ ಬಂದ ಸುದ್ದಿ ತಿಳಿದು ಮಾವ ಜ್ವರದಲ್ಲೇ ಬಸ್ಸು ಹಿಡಿದು ಬಂದರು. ಪೆಡಲು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಮುಂದೆ ಹೋಗಿ, ಮಾಸಿದ ಗೊಂಡೆಯನ್ನು ಸರಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಇದಕ್ಕ ಕಿವಿ ಇಲ್ಲ ಅಂದಿದ್ನಲ್ಲ ನಾ” ಎಂದರು.

ಗಾಲಿ ಕೆಸರಿನಲ್ಲಿ ಹೂತಿರಬೇಕು ಎಂದರು ಗೆಳೆಯರು. ಅಲ್ಲಿ ನೆಲ ಗಟ್ಟಿಯಿತ್ತು. ಗಾಬರಿಯಲ್ಲಿ ಗೊತ್ತಿಲ್ಲದೆ ಬ್ರೇಕ್ ತುಳಿದಿರಬೇಕು ಎಂದರು. ಆ ಮಾತನ್ನು ಒಪ್ಪಿಕೊಂಡು ಮಲಗುತ್ತೇನೆ, ಕಣ್ಣು ಮುಚ್ಚಿದರೆ ಆ ಸ್ವಚ್ಛ ಪೆಡಲು ಕಾಣುತ್ತದೆ.

ಈಗ ಬೇರೆ ಕಾರು ನಡೆಸುತ್ತೇನೆ. ಹೊಳೆಗೆ ಇಳಿಯುವ ರಸ್ತೆ ಬಂದರೆ ಇಂದಿಗೂ ಮೊದಲು ಬಿಗಿಯುವುದು ಕೈಗಳೇ. ಕಾಲಿಗೆ ನೆನಪಿಸಿ ತುಳಿಸುತ್ತೇನೆ. ಈ ಕಾರಿಗೆ ‘ಹೋ’ ಎಂದು ಒಮ್ಮೆಯೂ ಹೇಳಿ ನೋಡಿಲ್ಲ. ಅದು ನಿಲ್ಲದೆ ಹೋದರೆ ಎಂಬ ಹೆದರಿಕೆಯಂತೂ ಇದೆ. ನಿಂತುಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.