ಕಿಟಕಿ ಇಳಿಸಿ ಕೇಳುವ ಹಾಡುಗಳು

ಜಪಾನಿ ಅಂಗಡಿಯ ಆಂಟಿಯ ಎಡಗೈ ಮಣಿಕಟ್ಟಿನಲ್ಲಿ ಸದಾ ಏಳೆಂಟು ರಬ್ಬರ್ ಬ್ಯಾಂಡುಗಳಿರುತ್ತಿದ್ದವು, ನಮ್ಮ ಹೆಂಗಸರು ಬಳೆ ತೊಟ್ಟ ಹಾಗೆ. ಈರುಳ್ಳಿ ಸೊಪ್ಪಿನ ಕಟ್ಟಿಗೆ ಒಂದು, ಮೂಲಂಗಿ ಸುತ್ತಿದ ಕಾಗದಕ್ಕೆ ಒಂದು ಎಂದು ಬಿಚ್ಚಿ ಬಿಚ್ಚಿ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ಕೈ ಬರಿದಾಗಿ ಚರ್ಮದ ಮೇಲೆ ಕೆಂಪು ಗೆರೆಗಳಷ್ಟೇ ಉಳಿದಿರುತ್ತಿದ್ದವು.

ಅಮೆರಿಕದ ಫೇರ್‌ಫ್ಯಾಕ್ಸ್ ಊರಿನಲ್ಲಿ ಒಂದು ಕ್ಷೌರದಂಗಡಿಯ ಪಕ್ಕದಲ್ಲಿ ಅವರದೊಂದು ಪುಟ್ಟ ಜಪಾನಿ ದಿನಸಿ ಅಂಗಡಿ. ತೊಂಬತ್ತರ ದಶಕದ ನಡುವೆ ನಾನು ಕೆಲಸದ ವೀಸಾದ ಮೇಲೆ ಬಂದಿಳಿದಾಗ ಅಲ್ಲಿನ ಬದನೆಕಾಯಿ ನೋಡಿ ಅಳುವೇ ಬಂದಿತ್ತು. ಒಂದೊಂದೂ ತೆಂಗಿನಕಾಯಿ ಗಾತ್ರ! ಅದರಲ್ಲಿ ಯಾರಾದರೂ ವಾಂಗೀಬಾತ್ ಮಾಡಲಾದೀತೇ? ಜಪಾನಿಯರ ಬದನೆ ಉದ್ದಕ್ಕೆ, ತೆಳ್ಳಗೆ, ನಮ್ಮ ಮೈಸೂರು ಬದನೆಯ ದೂರದ ನೆಂಟನಂತಿದೆ ಎಂದು ರೂಮ್‌ಮೇಟ್ ಹೇಳಿದ ಮೇಲೆ ಪ್ರತಿ ಶನಿವಾರ ಆ ಅಂಗಡಿಗೆ ಹೋಗತೊಡಗಿದೆ.

ಆಂಟಿ ಎಂದು ಕರೆದಿದ್ದು ಮೊದಲ ದಿನವೇ, ಬಾಯಿತಪ್ಪಿ. ಅವರಿಗೆ ಅದು ಹಿಡಿಸಿಬಿಟ್ಟಿತು. ಇಬ್ಬರದೂ ತಡವರಿಸುವ ಇಂಗ್ಲಿಷು, ಆದರೂ ಮಾತಿಗೆ ಕೊರತೆಯಿರಲಿಲ್ಲ. ನಾನು ಬುಟ್ಟಿಯಿಂದ ಬದನೆ ಆರಿಸಲು ಹೋದರೆ ಕೈಮೇಲೆ ಮೆಲ್ಲಗೆ ಹೊಡೆಯುವರು. "ನೀನು ಕಣ್ಣಲ್ಲಿ ಆರಿಸ್ತೀಯ, ನಾನು ಬೆರಳಲ್ಲಿ ಆರಿಸ್ತೀನಿ," ಎಂದು ತಾವೇ ತೊಟ್ಟು ಒತ್ತಿ ನೋಡಿ ತೆಗೆದುಕೊಡುವರು. ಮಾರನೆಯ ವಾರ ತಪ್ಪದೆ ವಿಚಾರಣೆ. "ಆ ಅನ್ನ ಮಾಡಿದೆಯಾ? ಖಾರ ಸರಿಯಿತ್ತಾ?" ಒಮ್ಮೆ ಡಬ್ಬಿಯಲ್ಲಿ ವಾಂಗೀಬಾತ್ ಒಯ್ದು ಕೊಟ್ಟೆ. ಮೂಗು ಕಣ್ಣು ಒರೆಸಿಕೊಳ್ಳುತ್ತ ಡಬ್ಬಿ ಪೂರಾ ಖಾಲಿ ಮಾಡಿ, ತೊಳೆದು, ಎರಡು ಪೀಚ್ ಹಣ್ಣು ಹಾಕಿ ವಾಪಸು ಕೊಟ್ಟರು.

ಅಂಗಡಿಯಲ್ಲಿ ಹಾಡು ಇದ್ದೇ ಇರುತ್ತಿತ್ತು. ಆ ಜೂನ್ ತಿಂಗಳಲ್ಲಿ ಒಂದೇ ಕ್ಯಾಸೆಟ್ಟು ಮತ್ತೆ ಮತ್ತೆ ತಿರುಗುತ್ತಿತ್ತು. ಕುಣಿಸುವ ಡ್ರಮ್ಮು, ಗಿಟಾರು, ಓಡಿಕೊಂಡು ಬಂದು ಹಾಡುತ್ತಿರುವಂಥ ಹುಡುಗ ಹುಡುಗಿಯರ ದನಿ. ಹಾಡುಗಳ ನಡುನಡುವೆ ಒಬ್ಬ ಹುಡುಗಿಯ ಮಾತು, ನಗು. ರೇಡಿಯೊದವಳಿರಬೇಕು ಅಂದುಕೊಂಡೆ. ಒಂದಕ್ಷರ ಅರ್ಥವಾಗದಿದ್ದರೂ ಕಾಲು ತಾಳ ಹಾಕುತ್ತಿತ್ತು.

ಅದನ್ನು ಆಂಟಿ ಗಮನಿಸಿದರು. ಕ್ಯಾಸೆಟ್ ಹೊರತೆಗೆದು, ಡಬ್ಬಿಗೆ ಕೈಯ ರಬ್ಬರ್ ಬ್ಯಾಂಡ್ ಒಂದನ್ನು ಸುತ್ತಿ ನನ್ನ ಮುಂದಿಟ್ಟರು. ಒಳಗಿನ ಕಾಗದದಲ್ಲಿ ನೀಲಿ ಶಾಯಿಯ ಪಟ್ಟಿ. ಬೇಸಿಗೆಯಲ್ಲಿ ಕೇಳಲೇಬೇಕಾದ ಹನ್ನೆರಡು ಹಾಡುಗಳಂತೆ. ಒಂದೊಂದಾಗಿ ಬೆರಳಿಟ್ಟು ವಿವರಿಸಿದರು. ಇದು ಸಮುದ್ರಕ್ಕೆ ಹೋಗುವಾಗ, ಇದು ಐಸ್‌ಕ್ರೀಮ್ ಕರಗುವಾಗ, ಇದು ಗೆಳೆಯನ ಜೊತೆ ಜಗಳ ಆಡಿದ ಮೇಲೆ.

"ನಿನ್ನ ವಯಸ್ಸಿನವರಿಗೆ ಇದು. ಕಿಟಕಿ ಇಳಿಸಿ ಕೇಳು, ಎಸಿ ಹಾಕಬೇಡ. ಒಂದು ವಾರ ಇಟ್ಟುಕೋ."

ವಾರವಿಡೀ ಹಾಗೆಯೇ ಕೇಳಿದೆ. ಬೆವರು ಸುರಿಯುತ್ತಿದ್ದರೂ ಕಿಟಕಿ ಇಳಿಸಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು. ಆಗ ಊರಿಗೆ ಫೋನ್ ಎಂದರೆ ಭಾನುವಾರ ಮಾತ್ರ. ಮೈಸೂರಿನ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಅಮ್ಮ ಎದುರುಮನೆಗೆ ಬಂದು ಕೂತಿರುತ್ತಿದ್ದಳು, ಅಲ್ಲಿ ಎಲ್ಲರೆದುರು ಏನು ಮನಸ್ಸು ಬಿಚ್ಚಿಯಾಳು? ಅದಕ್ಕೇ ನಾವು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಒಂದು ಬದಿಯಲ್ಲಿ ನನ್ನ ಮಾತು. ಇನ್ನೊಂದು ಬದಿಯಲ್ಲಿ ಅಮ್ಮ ಉತ್ತರ ತುಂಬಿ ವಾಪಸು ಕಳಿಸುತ್ತಿದ್ದಳು.

ಆ ಶುಕ್ರವಾರ ರೂಮ್‌ಮೇಟ್ ಓಡಿಬಂದಳು. "ಲೇ, ಪಕ್ಕದ ಹರ್ನ್‌ಡನ್ ಊರಿನ ಅಂಕಲ್ ಇವತ್ತೇ ಮೈಸೂರಿಗೆ ಹೊರಡ್ತಿದಾರೆ ಕಣೇ! ಎರಡು ಗಂಟೆಯಲ್ಲಿ ಕ್ಯಾಸೆಟ್ ಕೊಟ್ಟರೆ ತಗೊಂಡ್ ಹೋಗ್ತಾರಂತೆ."

"ಖಾಲಿ ಕ್ಯಾಸೆಟ್ ಒಂದೂ ಇಲ್ವಲ್ಲೇ!"

"ಆ ಜಪಾನಿ ಹಾಡಿಂದು ಇದ್ಯಲ್ಲ, ಅದರ ಮೇಲೇ ರೆಕಾರ್ಡ್ ಮಾಡು. ಆಂಟಿಗೆ ಬೇರೆ ತಂದುಕೊಟ್ರಾಯ್ತು."

ರೆಕಾರ್ಡ್ ಆಗಬಾರದೆಂದು ಯಾರೋ ಆ ಕ್ಯಾಸೆಟ್ಟಿನ ಅಂಚಿನ ಎರಡು ಚಿಕ್ಕ ಚೂರುಗಳನ್ನು ಮುರಿದಿಟ್ಟಿದ್ದರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡು ತೂತಿಗೂ ಗಮ್‌ಟೇಪ್ ಅಂಟಿಸಿದೆ. ಅಮ್ಮನೂ ಉತ್ತರ ತುಂಬಬೇಕಲ್ಲ! ಮುಕ್ಕಾಲು ಗಂಟೆ ಆಫೀಸು, ಅಡುಗೆ, ಬಿಸಿಲು, ಸೆಕೆ ಅಂತ ಬಡಬಡಿಸಿ ಕಳಿಸಿಬಿಟ್ಟೆ. ಎಂಥ ದುರ್ಬುದ್ಧಿ ನನ್ನದು.

ಆಮೇಲೆ ಆಂಟಿಗೆ ಮುಖ ತೋರಿಸಲು ಭಯ. ಶನಿವಾರ ಹೋಗಲಿಲ್ಲ. ಬುಧವಾರ ಧೈರ್ಯ ಮಾಡಿ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳನ್ನು ಒಪ್ಪಿಸಿದೆ. "ಕಾರಿನ ಪ್ಲೇಯರಿಗೆ ಸಿಕ್ಕಿಕೊಂಡು ಟೇಪು ತುಂಡಾಯಿತು, ಆಂಟಿ. ಸಾರಿ."

ಅವರು ಸೊಪ್ಪು ಕಟ್ಟುತ್ತಿದ್ದ ಕೈ ನಿಲ್ಲಿಸಿದರು. "ಪರವಾಗಿಲ್ಲ. ತುಂಡುಗಳನ್ನು ತಂದುಕೊಡು. ನಾನು ಅಂಟಿಸ್ತೀನಿ. ನನಗೆ ಬರುತ್ತೆ."

"ಬಿಸಾಡಿಬಿಟ್ಟೆ," ಎಂದೆ.

ಅವರು ಮಣಿಕಟ್ಟಿನಿಂದ ಒಂದು ರಬ್ಬರ್ ಬ್ಯಾಂಡ್ ಬಿಚ್ಚುತ್ತ ಕೇಳಿದರು, "ಹಾಡಿನ ಮಧ್ಯೆ ಮಾತಾಡ್ತಿದ್ದಳಲ್ಲ, ಒಬ್ಬ ಹುಡುಗಿ?"

"ಹೌದು."

"ಅವಳು ನನ್ನ ಮಗಳು."

ಮಗಳು ಜಪಾನಿನಲ್ಲೇ ಓದುತ್ತಿದ್ದಳಂತೆ. ಕಾಯಿಲೆ ಬಿದ್ದ ವರ್ಷ ಆಸ್ಪತ್ರೆಯಲ್ಲಿ ಕೂತು ತನಗಿಷ್ಟವಾದ ಬೇಸಿಗೆಯ ಹಾಡುಗಳನ್ನು ಆರಿಸಿ, ನಡುವೆ ತಾನೇ ಮಾತಾಡಿ ಕಳಿಸಿದ್ದಳಂತೆ. ಮುಂದಿನ ಬೇಸಿಗೆಗೆ ಅವಳಿರಲಿಲ್ಲ. ಇದನ್ನೆಲ್ಲ ಆಂಟಿ ನನ್ನ ಕಡೆ ನೋಡದೆ, ಸೊಪ್ಪಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಲೇ ಹೇಳಿದರು. ಆಮೇಲೆ ಎಂದಿನಂತೆ ಬದನೆಕಾಯಿ ಆರಿಸಿಕೊಟ್ಟರು.

ನಾನು ಬದನೆಕಾಯಿಗೆ ದುಡ್ಡು ಕೊಟ್ಟೆ. ನಿಜ ಹೇಳಲು ಬಾಯಿ ಬಿಡಲಿಲ್ಲ. ಬಿಡಬಹುದಿತ್ತು. ಕ್ಯಾಸೆಟ್ಟಿನ ಇನ್ನೊಂದು ಬದಿ, ಆರು ಹಾಡು ಮತ್ತು ಅವುಗಳ ನಡುವಿನ ಆ ಹುಡುಗಿಯ ಮಾತು, ಆಗ ಇನ್ನೂ ಹಾಗೇ ಇತ್ತು. ಅಂದೇ ಎದುರುಮನೆಗೆ ಫೋನ್ ಮಾಡಿ "ಅಮ್ಮ, ಅದನ್ನು ಮುಟ್ಟಬೇಡ" ಎಂದಿದ್ದರೆ ಸಾಕಿತ್ತು. ಆದರೆ ವಾರದ ನಡುವೆ ಫೋನ್ ಬಂತೆಂದರೆ ಮನೆಯಲ್ಲಿ ಗಾಬರಿಯಾಗುತ್ತಾರೆ, ಭಾನುವಾರ ಹೇಗೂ ಮಾಡುತ್ತೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಅಮ್ಮನಿಗೆ ಖುಷಿಯೋ ಖುಷಿ. "ನಿನ್ನ ಕ್ಯಾಸೆಟ್ ಬಂತು ಕಣೇ. ನೆನ್ನೆನೇ ಕೂತು ಪೂರ್ತಿ ಉತ್ತರ ಹೇಳಿಬಿಟ್ಟೆ. ಮೊದಲು ಅದರಲ್ಲಿ ಏನೋ ಹಾಡಿತ್ತಲ್ಲೇ, ಚೆನ್ನಾಗಿತ್ತು!"

"ಹೂಂ" ಎಂದು ರಿಸೀವರ್ ಇಟ್ಟೆ.

ತಿಂಗಳಾದ ಮೇಲೆ ಅಂಕಲ್ ಕ್ಯಾಸೆಟ್ ತಂದುಕೊಟ್ಟರು. ಅಮ್ಮ ಬೀಗರ ಮನೆಯ ಸುದ್ದಿ, ಮೊಣಕಾಲು ನೋವು, ನನಗೆ ನೋಡಿಟ್ಟ ಗಂಡುಗಳು ಎಲ್ಲ ಹೇಳಿ, ಕೊನೆಗೆ "ಇಡ್ತೀನಿ ಕಣೇ, ಹೊಟ್ಟೆ ತುಂಬಾ ಊಟ ಮಾಡು" ಎಂದಳು. ಟಕ್ ಎಂಬ ಸದ್ದು. ಅದಾದ ಮೇಲೆ ಒಂದು ಹಾಡಿನ ಬಾಲ, ಆಮೇಲೆ ಆ ಹುಡುಗಿಯ ಮಾತು, ನಗು. ಎಲ್ಲ ಸೇರಿ ಎರಡು ನಿಮಿಷ ಉಳಿದುಕೊಂಡಿತ್ತು.

ಎರಡು ನಿಮಿಷವೇ ಇರಲಿ, ಓಡಿಹೋಗಿ ಕೊಡಬೇಕಿತ್ತು ತಾನೇ? ಕೊಟ್ಟರೆ ಬಿಸಾಡಿದೆ ಎಂದದ್ದು ಸುಳ್ಳೆಂದು ಗೊತ್ತಾಗುತ್ತದೆ! ಕ್ಯಾಸೆಟ್ಟನ್ನು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡು ಉಳಿದ ಬೇಸಿಗೆಯೆಲ್ಲ ಆ ಅಂಗಡಿಗೆ ಹೋದೆ. ಕಾರು ಅಂಗಡಿಯ ಮುಂದೆಯೇ ನಿಂತಿರುತ್ತಿತ್ತು. ಹತ್ತು ಹೆಜ್ಜೆ, ಅಷ್ಟೇ. ಮುಂದಿನ ವಾರ ಹೇಳುತ್ತೇನೆ ಎಂದುಕೊಂಡು ಬದನೆಕಾಯಿ ಹಿಡಿದು ಮನೆಗೆ ಬರುತ್ತಿದ್ದೆ. ಆಂಟಿ ಹಾಡು ಹಾಕುವುದನ್ನು ಬಿಟ್ಟಿದ್ದರು. ಒಮ್ಮೆಯೂ ಆ ವಿಷಯ ಎತ್ತಲಿಲ್ಲ, ಬದನೆ ಆರಿಸುವುದರಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಎಲೆ ಉದುರುವ ಕಾಲದಲ್ಲಿ ಒಂದು ಶನಿವಾರ ಅಂಗಡಿ ಮುಚ್ಚಿತ್ತು. ಮುಂದಿನ ಶನಿವಾರವೂ ಮುಚ್ಚಿತ್ತು. ಪಕ್ಕದ ಕ್ಷೌರದಂಗಡಿಯಾತ ಹೊರಗೆ ಬಂದು ಹೇಳಿದ, ಹತ್ತು ದಿನದ ಹಿಂದೆ ಮನೆಯಲ್ಲೇ ಆಂಟಿಯ ಹೃದಯ ನಿಂತಿತಂತೆ. ನನ್ನ ಕಾರಿನಲ್ಲಿ ಕ್ಯಾಸೆಟ್ ಇತ್ತು. ಅದನ್ನು ಕೈಯಲ್ಲಿ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತು ಅತ್ತುಬಿಟ್ಟೆ. ಆ ಅಳುವಿನಿಂದ ಯಾರಿಗೆ ಏನು ಪ್ರಯೋಜನ?

ಎಷ್ಟೋ ದಿನದ ಮೇಲೆ ಆಫೀಸಿನಲ್ಲಿ ಜಪಾನಿ ಬಲ್ಲವರೊಬ್ಬರಿಗೆ ಆ ಎರಡು ನಿಮಿಷ ಕೇಳಿಸಿದೆ. ಅವರು ಅರ್ಥ ಹೇಳಿದರು: "ಅಮ್ಮಾ, ಈಗ ಮುಗಿದ ಈ ಕೊನೇ ಹಾಡು ನಿನಗಲ್ಲ. ನಿನ್ನ ಅಂಗಡಿಗೆ ನನ್ನ ವಯಸ್ಸಿನವರು ಬರ್ತಾರಲ್ಲ, ಅವರಿಗೆ. ಅವರಿಗೂ ಕೇಳೋದಕ್ಕೆ ಕೊಡು."

ಮಗಳು ಹೇಳಿದ್ದನ್ನು ನಡೆಸಲೆಂದೇ ಆಂಟಿ ಅದನ್ನು ನನ್ನ ಕೈಗೆ ಕೊಟ್ಟಿದ್ದರು.

ಈಗ ನಮ್ಮಮ್ಮನೂ ಇಲ್ಲ. ಅವಳ ದನಿ ಕೇಳಬೇಕೆನಿಸಿದಾಗ ಹಳೆಯ ಟೇಪ್‌ರೆಕಾರ್ಡರಿನಲ್ಲಿ ಆ ಕ್ಯಾಸೆಟ್ ಹಾಕುತ್ತೇನೆ. "ಇಡ್ತೀನಿ ಕಣೇ" ಎಂದು ಅಮ್ಮ ಮುಗಿಸಿದ ಮೇಲೆ ಆಫ್ ಮಾಡುವುದಿಲ್ಲ. ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ.