ಚಮಚ ಎಲ್ಲಿದೆ ಎಂದು ನೋಡುವ ಹಿಸ್ಕೆ

ಬೆಳಗಿನ ಐದು ಗಂಟೆ. ಲೇಡಾ ನದಿಯ ಏರಿಯ ಮೇಲೆ ಕುರಿಗಳು ಇನ್ನೂ ಎದ್ದಿಲ್ಲ. ಏರಿಯ ಕೆಳಗಿನ ವೃದ್ಧಾಶ್ರಮದಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಹಿಸ್ಕೆ ಐಲರ್ಟ್ಸ್ ಸೈಕಲ್ಲಿನಿಂದ ಇಳಿದು ಹತ್ತು ನಿಮಿಷವಾಗಿದೆ, ಮೂಗು ಇನ್ನೂ ಕೆಂಪಗಿದೆ. ನಾಲ್ಕು ದೊಡ್ಡ ಪಾತ್ರೆಗಳಲ್ಲಿ ನೀರು ಮರಳುತ್ತಿದೆ. ಒಂದಕ್ಕೆ ಪುದೀನ, ಇನ್ನೊಂದಕ್ಕೆ ಕ್ಯಾಮೊಮೈಲ್ ಹೂ, ಮತ್ತೊಂದಕ್ಕೆ ಜಜ್ಜಿದ ಸೋಂಪು, ಕೊನೆಯದಕ್ಕೆ ಕಾಡುಗುಲಾಬಿಯ ಒಣಗಿದ ಕೆಂಪು ಕಾಯಿ. ಎಲ್ಲವೂ ಕೈ ಅಳತೆ.

“ಇದೆಲ್ಲ ಹೊಟ್ಟೆಗೆ, ಗಂಟಲಿಗೆ, ನಿದ್ದೆಗೆ. ಚಹಾ ಅಂದ್ರೆ ಅದು,” ಎಂದು ಮೂಲೆಯ ಪಿಂಗಾಣಿ ಕೆಟಲಿನ ಕಡೆ ಗದ್ದ ಎತ್ತುತ್ತಾರೆ. ಅದರೊಳಗೆ ಅಸ್ಸಾಮಿನ ಕಪ್ಪು ಎಲೆ ನೆನೆಯುತ್ತಿದೆ. ಹಾಗಂತ ಉಳಿದವನ್ನು ಅವರು ಕಡೆಗಣಿಸುವುದಿಲ್ಲ. ಯಾರಿಗೆ ರಾತ್ರಿ ಹೊಟ್ಟೆ ಉಬ್ಬರಿಸಿತು, ಯಾರಿಗೆ ಕೆಮ್ಮು ಬಂತು ಎಂದು ವಿಚಾರಿಸಿಕೊಂಡೇ ಪಾತ್ರೆ ಒಲೆಗೇರುವುದು.

ಹಿಸ್ಕೆಗೆ ಈಗ ಅರವತ್ತೊಂದು. ಹರೆಯದಲ್ಲಿ ಚಹಾ ಪೊಟ್ಟಣ ಕಟ್ಟುವ ಕೆಲಸ ಮಾಡುತ್ತಿದ್ದರು. ಯಂತ್ರ ಬಂತು, ಕೆಲಸ ಹೋಯಿತು. ಆಮೇಲೆ ಇಲ್ಲಿಗೆ ನೆಲ ಒರೆಸಲು ಬಂದರು. ಬಲಭುಜ ಕೈಕೊಟ್ಟು ಶಸ್ತ್ರಚಿಕಿತ್ಸೆಯಾದ ಮೇಲೆ ಅಡುಗೆಮನೆಗೆ ಹಾಕಿದರು. ಅದೂ ಹತ್ತೊಂಬತ್ತು ವರ್ಷದ ಮಾತು. ನಲವತ್ತಾರು ಮಂದಿ ವೃದ್ಧರು, ದಿನಕ್ಕೆ ಹತ್ತಿರ ಹತ್ತಿರ ಐನೂರು ಕಪ್. ತುಂಬಿಸುವುದೂ ಅವರೇ, ತೊಳೆಯುವುದೂ ಅವರೇ. ಮನೆಯಿಂದ ಏಳು ಕಿಲೋಮೀಟರ್ ಸೈಕಲ್. “ಗಾಳಿ ಬರುವಾಗಲೂ ಎದುರು, ಹೋಗುವಾಗಲೂ ಎದುರು. ಅದು ಹೆಂಗೆ ಅಂತ ನನ್ನ ಕೇಳ್ಬೇಡಿ, ಗಾಳೀನೇ ಕೇಳಿ.”

ಅವರ ಕೆಲಸದ ಅರ್ಧ ಗುಟ್ಟು ಇರುವುದು ಒಲೆಯ ಹತ್ತಿರವಲ್ಲ, ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ. ನಮ್ಮ ಈ ಉತ್ತರದ ಸೀಮೆಯಲ್ಲಿ ಮೊದಲು ಕಪ್ಪಿಗೆ ಕಲ್ಲುಸಕ್ಕರೆ ಬೀಳಬೇಕು; ಬಿಸಿ ಚಹಾ ಬಿದ್ದಾಗ ಅದು ಚಟಪಟ ಅನ್ನಬೇಕು; ಅಂಚಿನಿಂದ ಮೆಲ್ಲಗೆ ಕೆನೆ ಇಳಿಯಬೇಕು. ಕಲಕಿದರೆ ಕೆಟ್ಟೆವು. ಹಾಗಾದರೆ ಚಮಚ ಏಕೆ? ಬಾಯಿ ಬಿಡದೆ ‘ಸಾಕು’ ಎನ್ನಲಿಕ್ಕೆ. ಚಮಚ ಕಪ್ಪಿನೊಳಗೆ ಬಿದ್ದರೆ ಸಾಕು ಎಂದರ್ಥ. ತಟ್ಟೆಯಲ್ಲೇ ಇದ್ದರೆ ಇನ್ನೂ ಸುರಿಯಬೇಕು. ಮೂರು ಕಪ್ಪಿಗಿಂತ ಕಡಿಮೆ ಕುಡಿದು ಏಳುವುದು ಮನೆಯವರಿಗೆ ಅವಮಾನ. ಬಾಯಿಬಿಟ್ಟು ಕೇಳುವುದು ಕುಡಿಯುವವನಿಗೆ ಅವಮಾನ. ಇಷ್ಟು ಮಾನ ಮರ್ಯಾದೆಯ ನಡುವೆ ನಾವು ಹೇಗೋ ಬದುಕಿದ್ದೇವೆ.

ಹೋದ ಚಳಿಗಾಲದಲ್ಲಿ ಈ ಮರ್ಯಾದೆ ಒಬ್ಬರ ಜೀವಕ್ಕೇ ಬರುವುದರಲ್ಲಿತ್ತು. ಹಾಬ್ಬೊ ಟ್ಯಾಮೆನ್ ಅವರಿಗೆ ತೊಂಬತ್ತೊಂದು. ನದಿಯ ಏರಿ ಕಟ್ಟುವ ಕೆಲಸದಲ್ಲೇ ಬೆನ್ನು ಬಾಗಿಸಿಕೊಂಡವರು. ಪಾರ್ಶ್ವವಾಯು ಬಡಿದ ಮೇಲೆ ಮಾತು ನಿಂತಿದೆ, ಎಡಗೈ ಮಾತ್ರ ಆಡುತ್ತದೆ. ನೀರು ಹಸುಗಳಿಗೆ, ಕಷಾಯ ರೋಗಿಗಳಿಗೆ ಎನ್ನುವ ಜಾತಿ. ಕಪ್ಪು ಚಹಾ ಬಿಟ್ಟರೆ ಇನ್ನೇನೂ ಗಂಟಲಲ್ಲಿ ಇಳಿಯದು. ಅಂಥವರು ನಾಲ್ಕೇ ದಿನದಲ್ಲಿ ಬಾಡಿದರು, ನಾಲಿಗೆ ಒಣಗಿತು. ಐದನೆಯ ದಿನ ಸಂಜೆಯೊಳಗೆ ಸರಿಹೋಗದಿದ್ದರೆ ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸುವುದೆಂದು ವೈದ್ಯರು ಬರೆದರು. ಆ ವಯಸ್ಸಿನಲ್ಲಿ ಇಲ್ಲಿಂದ ಆಸ್ಪತ್ರೆಗೆ ಹೋದವರು ಮರಳಿದ್ದು ಕಡಿಮೆ. ಅದು ಎಲ್ಲರಿಗೂ ಗೊತ್ತಿತ್ತು, ಹಾಬ್ಬೊಗೂ.

ಆ ವಾರ ಜ್ವರದಿಂದ ಅರ್ಧ ಸಿಬ್ಬಂದಿ ಮಲಗಿತ್ತು. ಮೇಲಿನ ಮಹಡಿ ಇಡೀ ರೆಜಿನಾ ಎಂಬ ನರ್ಸ್ ಹೆಗಲಿಗೆ. ದಕ್ಷಿಣದ ಬವೇರಿಯಾದಿಂದ ತಿಂಗಳ ಹಿಂದಷ್ಟೇ ಬಂದವರು, ಕಾಫಿಯ ಮನೆತನ, ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಪ್ರತಿ ಹೊತ್ತೂ ಹಾಬ್ಬೊಗೆ ಒಂದು ಕಪ್ ಕೊಟ್ಟರು, ಖಾಲಿಯಾದ ಕೂಡಲೇ ತಟ್ಟೆ ತೆಗೆದರು, ‘ಒಂದು ಕಪ್ ಕುಡಿದರು, ಸಾಕಾಯಿತು’ ಎಂದು ಪಟ್ಟಿಯಲ್ಲಿ ಬರೆದರು.

ಐದನೆಯ ಬೆಳಿಗ್ಗೆ ತೊಟ್ಟಿಯ ಮುಂದೆ ಹಿಸ್ಕೆ ಕೈ ನಿಂತಿತು. ಬಾಯಿದ್ದವರು ಮಾನ ಬಿಟ್ಟು ಕೇಳಿ ಕುಡಿದಿದ್ದರು, ಕೆಳಗಿಳಿದು ಬಂದ ಅವರ ಕಪ್ಪುಗಳಲ್ಲೆಲ್ಲ ಚಮಚ ಬಿದ್ದಿದೆ. ಹಾಬ್ಬೊ ಕಪ್ಪಿನ ಚಮಚ ಒರೆಸಿಟ್ಟಂತೆ ತಟ್ಟೆಯಲ್ಲಿದೆ. ನಿನ್ನೆಯೂ ಹಾಗೇ ಇತ್ತಲ್ಲ ಎಂದು ಆಗ ನೆನಪಾಯಿತು.

“ಅಯ್ಯೋ, ಆ ಮನುಷ್ಯ ಕಾಯ್ತಾ ಕೂತಿದ್ದ,” ಎನ್ನುತ್ತಾರೆ ಹಿಸ್ಕೆ. “ನಾಲ್ಕು ದಿನ. ಕೇಳೋಕೆ ಬಾಯಿಲ್ಲ. ಇದ್ರೂ ಕೇಳ್ತಿರ್ಲಿಲ್ಲ ಬಿಡಿ, ಅಷ್ಟು ಬಿಂಕ.”

ಒದ್ದೆ ಏಪ್ರನ್ನಿನಲ್ಲೇ ಕೆಟಲು ಹಿಡಿದು ಮೆಟ್ಟಿಲು ಹತ್ತಿದರು. ಅಡುಗೆಯವರು ಮೇಲೆ ಬರುವ ಹಾಗಿಲ್ಲ ಎಂದು ರೆಜಿನಾ ಅಡ್ಡ ನಿಂತರು. ಹಿಸ್ಕೆ ಪಕ್ಕದಿಂದ ನುಸುಳಿ ಹಾಬ್ಬೊ ಮುಂದೆ ಕಪ್ ಇಟ್ಟರು. ಸಕ್ಕರೆ ಹಾಕಿದರು, ಸುರಿದರು, ಕೆನೆ ಬಿಟ್ಟರು. ಹಾಬ್ಬೊ ಕುಡಿದರು. ಚಮಚ ತಟ್ಟೆಯಲ್ಲೇ ಇತ್ತು. ಎರಡನೆಯದು, ಚಮಚ ಅಲುಗಲಿಲ್ಲ. ಮೂರನೆಯದನ್ನು ಕೊನೆಯ ಸಿಹಿಯವರೆಗೆ ಹೀರಿದರು. ಆಮೇಲೆ ಎಡಗೈಯಲ್ಲಿ ಚಮಚ ಎತ್ತಿ ಕಪ್ಪಿನೊಳಗೆ ಬಿಟ್ಟರು. ಟಿಣ್ ಎಂದಿತು.

“ನಮ್ಮೂರಲ್ಲಿ ಕಪ್ ಖಾಲಿ ಅಂದ್ರೆ ಮುಗೀತು ಅಂತಲೇ,” ಎಂದು ರೆಜಿನಾ ಅಲ್ಲೇ ಕುಳಿತು ಅತ್ತರಂತೆ. ಹಿಸ್ಕೆ ಬೈಯಲಿಲ್ಲ, ಇನ್ನೊಂದು ಕಪ್ ತಂದು ಅವರಿಗೂ ಸುರಿದರು. ರೆಜಿನಾ ಕಲಕಿದರು. ಹಾಬ್ಬೊ ಕಣ್ಣು ಮುಚ್ಚಿಕೊಂಡರು.

ಸಂಜೆ ವೈದ್ಯರು ಬಂದು ನೋಡಿ ಆಸ್ಪತ್ರೆಯ ಚೀಟಿ ಹರಿದರು. ಹಾಬ್ಬೊ ಈಗಲೂ ಕಿಟಕಿಯ ಪಕ್ಕ ಕುಳಿತು ತಾವು ಕಟ್ಟಿದ ಏರಿ ನೋಡುತ್ತಾರೆ, ಹೊತ್ತಿಗೆ ಮೂರು ಕಪ್. ಪಟ್ಟಿಯಲ್ಲಿ ಹೊಸ ಅಂಕಣವೊಂದು ಬಂದಿದೆ: ‘ಚಮಚ ಎಲ್ಲಿತ್ತು?’ ಅದನ್ನು ಗೆರೆ ಎಳೆದು ಸೇರಿಸಿದವರು ರೆಜಿನಾ. ಹಿಸ್ಕೆ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಹೇಳಿದರೆ ಅವರಿಗೆ ನಗು.

ನಾನು ಎರಡೇ ಕಪ್ ಕುಡಿದು ಏಳಹೊರಟವನು, ಅವರ ಕಣ್ಣು ನನ್ನ ತಟ್ಟೆಯ ಮೇಲೆ ಬಿದ್ದದ್ದು ಕಂಡು ಮತ್ತೆ ಕುಳಿತೆ. ಮೂರನೆಯದನ್ನು ಸುರಿಯುತ್ತಲೇ ನಿವೃತ್ತಿಯ ಮೇಲೆ ಏನಾಸೆ ಎಂಬ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು.

“ಒಂದಲ್ಲ ಒಂದಿನ ನಾನೂ ಮೇಲಿನ ಮಹಡಿಗೆ ಹೋಗೋಳೇ. ಆಗ ನಂಗೂ ಬಾಯಿ ಇರುತ್ತೋ ಇಲ್ವೋ. ಕಪ್ ತೆಗೆಯೋ ಮುಂಚೆ ಯಾರಾದ್ರೂ ಒಂದ್ಸಲ ಚಮಚ ನೋಡಿದ್ರೆ ಸಾಕು.”